ಯಾರೂ ಮುಟ್ಟದ ಕರಡಿಗೆ

ನಮ್ಮ ಅಜ್ಜ ಮಹೇಶ್ವರಪ್ಪನಿಗೆ ಗೊತ್ತಿದ್ದದ್ದು ಒಂದೇ ಕಥೆ, ಅದೂ ಅವನದೇ ಕಥೆ. ಶಿಕಾರಿಪುರದ ನಮ್ಮ ಮನೆಗೆ ಗೊಬ್ಬರ ಕಂಪನಿಯ ಏಜೆಂಟರೇ ಬರಲಿ, ಹೆಣ್ಣು ನೋಡುವವರೇ ಬರಲಿ, ಕಾಫಿಯ ಲೋಟ ಅವರ ಕೈ ಸೇರುವುದರೊಳಗೆ ಅಜ್ಜ ಅವರನ್ನು ಘಟ್ಟ ಇಳಿಸಿ ಬಂದರಿಗೆ ಕರೆದುಕೊಂಡು ಹೋಗಿರುತ್ತಿದ್ದ. ನನ್ನನ್ನು ನೋಡಲು ಬಂದ ಹೊನ್ನಾಳಿಯ ಹುಡುಗ ನನ್ನ ಮುಖಕ್ಕಿಂತ ಅಜ್ಜನ ಮುಖವನ್ನೇ ಹೆಚ್ಚು ನೋಡಿಕೊಂಡು ಹೋದ. ಆದರೂ ಒಪ್ಪಿದ, ಅದು ಬೇರೆ ಮಾತು.

ಕಥೆ ನಡೆದದ್ದು ಪರಂಗಿಯವರ ಕಾಲದಲ್ಲಿ. ಅಜ್ಜನಿಗೆ ಇನ್ನೂ ಮದುವೆಯಾಗಿರಲಿಲ್ಲ. ಘಟ್ಟದ ಕೆಳಗಿನ ಬಂದರಿನಲ್ಲಿ ಸರ್ಕಾರದ ಅಫೀಮಿನ ಗೋದಾಮಿತ್ತು, ಅಲ್ಲಿ ಅವನು ಕಾವಲುಗಾರ. ಅಫೀಮು ಆಗ ಕಳ್ಳಮಾಲಲ್ಲ. ಸರ್ಕಾರವೇ ಅದನ್ನು ಹಡಗಿನಲ್ಲಿ ತರಿಸುತ್ತಿತ್ತು, ಸರ್ಕಾರವೇ ಲೈಸೆನ್ಸಿನ ಅಂಗಡಿಗಳಿಗೆ ಕಳಿಸುತ್ತಿತ್ತು, ಜನ ಅದನ್ನು ನುಂಗಿ ಮಂಪರಿನಲ್ಲಿ ಬಿದ್ದುಕೊಂಡರೆ ಸುಂಕವನ್ನೂ ಸರ್ಕಾರವೇ ಒಳಗೆ ಹಾಕಿಕೊಳ್ಳುತ್ತಿತ್ತು. ಬೇರೆಯವರು ಗುಲಗಂಜಿಯಷ್ಟು ಎತ್ತಿದರೆ ಮಾತ್ರ ಅದು ಕಳ್ಳತನ. ಹಾಗಾಗಿ ಕಾವಲು ಅಂದರೆ ಅಂತಿಂಥ ಕಾವಲಲ್ಲ. ಪೆಟ್ಟಿಗೆಗಳಿಗೆ ಅರಗಿನ ಮೊಹರು. ಗೋದಾಮಿಗೆ ಎರಡು ಬೀಗ, ಎರಡು ಕೀಲಿ ಇಬ್ಬರು ಅಧಿಕಾರಿಗಳ ಹತ್ತಿರ. ಹಡಗಿನಿಂದ ಇಳಿದಾಗ ಒಂದು ತೂಕ, ಘಟ್ಟ ಹತ್ತುವ ಗಾಡಿಗೆ ಏರಿಸುವಾಗ ಇನ್ನೊಂದು ತೂಕ. ಕೆಲಸ ಮುಗಿಸಿ ಹೊರಗೆ ಬರುವ ಕಾವಲುಗಾರರದು ದಿನವೂ ಜಡತಿ. ರುಮಾಲು ಬಿಚ್ಚಿಸುವರು, ಧೋತರ ಕೊಡವಿಸುವರು, ಬಾಯಿ ತೆರೆಸಿ ನಾಲಗೆಯ ಅಡಿ ನೋಡುವರು.

ಕಥೆಯ ಈ ಘಟ್ಟಕ್ಕೆ ಬಂದಾಗ ಅಜ್ಜ ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದ. "ಎಲ್ಲಾ ಬಿಚ್ಚಿಸ್ತಿದ್ರು, ನನ್ನ ಕರಡಿಗಿ ಮಾತ್ರ ಮುಟ್ಟತಿರಲಿಲ್ಲ. ಅದು ಅವರ ದೇವರು, ಅದಕ್ಕ ಕೈ ಹಚ್ಚಬ್ಯಾಡ್ರಿ ಅಂತ ಸಾಹೇಬನ ಹುಕುಂ ಇತ್ತು."

ಲಿಂಗವಂತರಾದ ನಾವು ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಡಬ್ಬಿಯೇ ಕರಡಿಗೆ. ಅಜ್ಜನ ಕರಡಿಗೆ ಬಂದರಿನ ಅಕ್ಕಸಾಲಿಗ ಮಾಡಿದ್ದು. ದಪ್ಪ ಬೆಳ್ಳಿ, ಮುಷ್ಟಿಯಲ್ಲಿ ಹಿಡಿಯಲಾರದಷ್ಟು ದೊಡ್ಡದು. ಅಂಥದ್ದು ನಮ್ಮ ನೆಂಟರಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಅವ್ವ ಅದನ್ನು ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದಳು, ಹಬ್ಬಕ್ಕೆ ತೆಗೆದು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಅಜ್ಜ ಮಾತ್ರ ಅದನ್ನು ಕಟ್ಟಿಕೊಳ್ಳುತ್ತಿರಲಿಲ್ಲ. ಅವನ ಲಿಂಗ ಒಂದು ಬಿಳಿ ಬಟ್ಟೆಯ ಗಂಟಿನಲ್ಲಿ ಎದೆಯ ಮೇಲಿರುತ್ತಿತ್ತು. ಕೇಳಿದರೆ ಅದರ ಭಾರ ತನಗೆ ಆಗುವುದಿಲ್ಲ ಅನ್ನುತ್ತಿದ್ದ. ಅಪ್ಪ ಚಂದ್ರಶೇಖರಪ್ಪ ಅದನ್ನು ವೈರಾಗ್ಯವೆಂದು ತಿಳಿದು, ನಾವು ಎಲ್ಲ ತೊರೆದು ಹೊರಟ ಶರಣೆ ಹುಟ್ಟಿದ ಉಡುತಡಿಯ ದಾರಿಯ ಮಣ್ಣು ತುಳಿದವರು, ನಮಗೆ ಬೆಳ್ಳಿಯ ಮೇಲೆ ಮೋಹವಿಲ್ಲ ಎಂದು ಗೊಬ್ಬರದ ಅಂಗಡಿಯಲ್ಲಿ ಕೂತು ಹೇಳುತ್ತಿದ್ದ. ಆ ಅಂಗಡಿಗೆ ಬುಡವಾದದ್ದು ಬಂದರಿನಿಂದ ಅಜ್ಜ ತಂದ ಗಳಿಕೆಯೇ. ಅದನ್ನೂ ಅಪ್ಪ ಅಷ್ಟೇ ಹೆಮ್ಮೆಯಿಂದ ಹೇಳುತ್ತಿದ್ದ.

ಕಥೆಯಲ್ಲಿ ಒಬ್ಬ ಕಳ್ಳನೂ ಇದ್ದ. ಮಕ್ಕಳಾಗಿದ್ದಾಗ ನನಗೂ ತಮ್ಮ ಸಿದ್ಧಲಿಂಗೇಶನಿಗೂ ಅವನೇ ಇಷ್ಟ. ಅವನನ್ನು ಹಿಡಿದದ್ದು ಹೇಳು ಎಂದು ನಾವು ಪೀಡಿಸುತ್ತಿದ್ದೆವು. ಅಜ್ಜ ಆ ಭಾಗವನ್ನು ಮಾತ್ರ ಅವಸರದಲ್ಲಿ ದಾಟಿಬಿಡುತ್ತಿದ್ದ. ಸೊರಬದ ಕಡೆಯವನೊಬ್ಬ ಸಿಕ್ಕಿಬಿದ್ದ, ಜೈಲಿಗೆ ಹೋದ, ಅಷ್ಟೇ. ಹೆಸರು ಮರೆತಿದೆ ಅನ್ನುತ್ತಿದ್ದ. ಪೆಟ್ಟಿಗೆಯ ಮರ ಯಾವುದು, ಅರಗಿನ ಬಣ್ಣ ಯಾವುದು ಎಂದು ನೆನಪಿಟ್ಟವನಿಗೆ ಜೊತೆಗಿದ್ದವನ ಹೆಸರು ಹೇಗೆ ಮರೆಯಿತು ಎಂದು ನಾವ್ಯಾರೂ ಕೇಳಲಿಲ್ಲ.

ತೊಂಬತ್ತೈದನೆಯ ಇಸವಿಯಲ್ಲಿ ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಹೆಣ್ಣುಮಗು ಹುಟ್ಟಿತು. ನನಗೂ ಮಗುವಿಗೂ ಎಣ್ಣೆ ತಿಕ್ಕಿ ನೀರು ಹಾಕಲು ಅವ್ವ ಗುಡ್ಡಮ್ಮ ಎಂಬ ಹೆಂಗಸನ್ನು ಗೊತ್ತು ಮಾಡಿದಳು. ಗುಡ್ಡಮ್ಮ ಶಿಕಾರಿಪುರಕ್ಕೆ ಮದುವೆಯಾಗಿ ಬಂದವಳು, ಗಂಡ ತೀರಿಹೋಗಿದ್ದ. ಅವಳ ಕೈ ಒಳ್ಳೆಯ ಕೈ ಎಂದು ಇಡೀ ಬೀದಿ ಹೇಳುತ್ತಿತ್ತು. ಮೊದಲ ದಿನ ಅವಳು ಹಿತ್ತಲ ಬಾಗಿಲಿನಿಂದ ಬಂದಾಗ ಪಡಸಾಲೆಯಲ್ಲಿ ಕೂತಿದ್ದ ಅಜ್ಜ ಎಲ್ಲರನ್ನೂ ಕೇಳುವಂತೆ ಅವಳನ್ನೂ ಯಾವ ಊರು, ಯಾರ ಮಗಳು ಎಂದು ಕೇಳಿದ. ಕ್ಯಾಸನೂರಿನ ಹತ್ತಿರದವಳು, ಕೆಂಪಪ್ಪನ ಮಗಳು ಎಂದಳು. ಅವ್ವ ಅಡುಗೆಮನೆಯಿಂದಲೇ, ಅವರ ಮನೆಗೆ ಅಫೀಮಿನೋರ ಮನೆ ಅಂತಾರೆ ಮಾವಾರೆ, ಎಂದು ದನಿಗೂಡಿಸಿದಳು. ಗುಡ್ಡಮ್ಮ ನಕ್ಕಂತೆ ಮಾಡಿ ಬಿಂದಿಗೆ ಎತ್ತಿಕೊಂಡಳು. ಇಂಥ ಹೆಸರು ಕೇಳಿ ಕೇಳಿ ಅಭ್ಯಾಸವಾದವರ ನಗು ಅದು.

ಅಂದು ಅಜ್ಜನ ಕಾಫಿ ಆರಿಹೋಯಿತು. ಆಮೇಲೆ ಗುಡ್ಡಮ್ಮ ಬರುವ ಹೊತ್ತಿಗೆ ಅವನು ಪಡಸಾಲೆ ಬಿಟ್ಟು ಒಳಕೋಣೆ ಸೇರತೊಡಗಿದ. ಬಂದರಿನ ಕಥೆ ನಿಂತೇಹೋಯಿತು. ಅವಳ ಕುಲದವರು ಬಗನಿ ಮರದಿಂದ ಹೆಂಡ ಇಳಿಸುತ್ತಿದ್ದವರು. ಮುದುಕನಿಗೆ ಈ ವಯಸ್ಸಿನಲ್ಲಿ ಮಡಿ ಹತ್ತಿದೆ ಎಂದು ನಾನು ಒಳಗೊಳಗೇ ಸಿಟ್ಟಾದೆ. ನಮ್ಮ ಮನೆಯಲ್ಲಿ ಅವಳ ಕಾಫಿ ಲೋಟ ಬೇರೆಯೇ ಇತ್ತು, ಬಚ್ಚಲ ಗೋಡೆಯ ಮೇಲೆ ಬೋರಲಾಗಿರುತ್ತಿತ್ತು. ಅದರ ಬಗ್ಗೆ ನನಗೆ ಸಿಟ್ಟು ಬಂದ ನೆನಪಿಲ್ಲ.

ಗುಡ್ಡಮ್ಮ ನೀರು ಹಾಕಿ ಸಾಂಬ್ರಾಣಿ ಹೊಗೆ ಹಿಡಿದರೆ ನನ್ನ ಮಗಳು ಊಟದ ಹೊತ್ತಿನವರೆಗೆ ಕಣ್ಣು ಬಿಡುತ್ತಿರಲಿಲ್ಲ. ಪಕ್ಕದ ಮನೆಯವರು ಬಂದಾಗ ಅವ್ವ ನಗುತ್ತಾ, ಅಫೀಮು ಗಿಫೀಮು ನೆಕ್ಕಿಸ್ತೀಯೇನೆ ಗುಡ್ಡಮ್ಮ, ಎಂದಳು. ಎಲ್ಲರೂ ನಕ್ಕರು. ಗುಡ್ಡಮ್ಮ ಹಂಡೆಯ ಕೆಳಗಿನ ಸೌದೆ ಸರಿಸುತ್ತಾ ಬೆನ್ನು ತಿರುಗಿಸಿಕೊಂಡಳು.

ಮಗುವಿಗೆ ಲಿಂಗ ಕಟ್ಟಿಸಿ ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಅಯ್ಯನವರಿಗೆ ಹೇಳಿ ಕಳಿಸಿದ್ದಾಯಿತು. ಹೊನ್ನಾಳಿಯಿಂದ ಬೀಗರು ಬರುವವರಿದ್ದರು. ಅಜ್ಜನ ಕರಡಿಗೆಯನ್ನು ಮರಿಮಗಳಿಗೆ ಕೊಡಬೇಕು, ಕೊರಳಿಗೆ ಭಾರವಾದರೆ ತೊಟ್ಟಿಲಿಗೆ ಕಟ್ಟಿದರಾಯಿತು ಎಂದು ಅವ್ವ ತೀರ್ಮಾನಿಸಿದ್ದಳು. ನನಗೂ ಅದೇ ಆಸೆ. ಅತ್ತೆಯ ಮನೆಯವರು ಅದನ್ನು ಕಣ್ಣು ತುಂಬ ನೋಡಲಿ ಅಂತ. ಅಜ್ಜ ಬೇಡ ಅಂದ. ಯಾಕೆ ಅಂದರೆ ಅದೇ ಮಾತು. ಹೊಸದು ಮಾಡಿಸಿ, ಬಟ್ಟೆಯಲ್ಲಿ ಕಟ್ಟಿ, ಏನಾದರೂ ಮಾಡಿ, ಅದು ಮಾತ್ರ ಬೇಡ. ನಾನು ಅತ್ತುಬಿಟ್ಟೆ. ಮೊಮ್ಮಗಳ ಮಗಳಿಗಿಂತ ಬೆಳ್ಳಿ ಹೆಚ್ಚಾಯಿತೇ ಎಂದು ಬಾಯಿಗೆ ಬಂದಂತೆ ಆಡಿದೆ. ಅಜ್ಜ ತಲೆ ತಗ್ಗಿಸಿ ಕೇಳಿಸಿಕೊಂಡ. ಅಪ್ಪ, ಮುದುಕರ ಮಾತು ಬಿಡು, ಆ ದಿನ ತೆಗೆದು ಕಟ್ಟಿದರಾಯಿತು, ಎಂದು ನನ್ನನ್ನು ಸಮಾಧಾನ ಮಾಡಿದ.

ಶಾಸ್ತ್ರದ ಹಿಂದಿನ ದಿನ ಬೆಳಿಗ್ಗೆ ಅವ್ವ ಟ್ರಂಕು ತೆರೆದಳು. ಕರಡಿಗೆ ಇರಲಿಲ್ಲ.

ಸೀರೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಕೊಡವಿದಳು. ಆಮೇಲೆ ಅವ್ವನಿಗೆ ನೆನಪಾಯಿತು. ಮಗುವಿಗೆ ಬಟ್ಟೆ ಹರಿಯಲು ಹಳೆಯ ಸೀರೆ ತರುವಂತೆ ಮೊನ್ನೆ ತಾನೇ ಗುಡ್ಡಮ್ಮನನ್ನು ಆ ಕೋಣೆಗೆ ಕಳಿಸಿದ್ದಳು. ಗುಡ್ಡಮ್ಮ ಆಗ ಬಚ್ಚಲಲ್ಲಿ ನನ್ನ ಮಗಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಅವ್ವ ಮಗುವನ್ನು ಅವಳ ಕಾಲ ಮೇಲಿನಿಂದ ಎತ್ತಿ ನನ್ನ ಮಡಿಲಿಗೆ ಹಾಕಿದಳು. ಮಗು ಎಣ್ಣೆ ಮೈಯಲ್ಲೇ ಚೀರತೊಡಗಿತು.

ಮೊದಲು ಅವಳ ಚೀಲ ಸುರಿಸಿದರು. ಎಲೆ ಅಡಿಕೆ, ಸುಣ್ಣದ ಡಬ್ಬಿ, ಒಂದು ಬಾಚಣಿಗೆ. ಅಪ್ಪ ಅಂಗಡಿಗೆ ಹೋಗದೆ ಪಡಸಾಲೆಯಲ್ಲಿ ನಿಂತು, ಕೊಟ್ಟರೆ ಇಲ್ಲಿಗೇ ಮುಗಿಸುತ್ತೇನೆ, ಇಲ್ಲದಿದ್ದರೆ ಸ್ಟೇಷನ್ನು, ಎಂದ. ಗುಡ್ಡಮ್ಮ ತಾನು ಕಂಡಿಲ್ಲ ಎಂದಷ್ಟೇ ಹೇಳಿದಳು. ಅವ್ವ ಸೆರಗು ಕೊಡವು ಎಂದಳು, ಕೊಡವಿದಳು. ನೆರಿಗೆ ಸಡಿಲಿಸು ಎಂದಳು. ಅಪ್ಪ ಆಚೆ ತಿರುಗಿದ. ಗುಡ್ಡಮ್ಮ ನೆರಿಗೆ ಬಿಚ್ಚಿ, ಕೊಡವಿ, ಮತ್ತೆ ಸಿಕ್ಕಿಸಿಕೊಂಡಳು. ಅವಳ ಕೈಗೆ ನನ್ನ ಮಗುವಿನ ಎಣ್ಣೆ ಇನ್ನೂ ಅಂಟಿತ್ತು, ನೆರಿಗೆಯ ಮೇಲೆಲ್ಲ ಬೆರಳಿನ ಕಲೆ ಮೂಡಿತು.

ಒಳಕೋಣೆಯ ಬಾಗಿಲು ತೆರೆದೇ ಇತ್ತು. ಅಜ್ಜ ಮಂಚದ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ. ನೋಡಿ, ಗೋಡೆಯ ಕಡೆಗೆ ತಿರುಗಿಕೊಂಡ.

"ರಕ್ತದಾಗ ಬಂದಿರತೈತಿ, ಎಲ್ಲಿ ಹೋಕ್ಕತಿ," ಅಂದ ಅಪ್ಪ.

ಗುಡ್ಡಮ್ಮ ಚೀಲ ತುಂಬಿಕೊಂಡು ಹಿತ್ತಲ ಬಾಗಿಲಿನಿಂದಲೇ ಹೋದಳು. ಊಟ ಮುಗಿಸಿ ಸ್ಟೇಷನ್ನಿಗೆ ಹೋಗುವುದು ಎಂದು ಅಪ್ಪ ಗೊತ್ತು ಮಾಡಿಕೊಂಡ. ಅಜ್ಜ ಊಟಕ್ಕೆ ಏಳಲಿಲ್ಲ. ಅವನಿಗೆ ಹಸಿವಿರಲಿಲ್ಲವೋ, ಅಥವಾ ಇದು ತಾನಾಗಿಯೇ ಮುಗಿದುಹೋಗಲಿ ಎಂದು ಕಾಯುತ್ತಿದ್ದನೋ, ನಾನು ಹೇಳಲಾರೆ. ಕಾಯುತ್ತಿದ್ದ ಎಂದೇ ನನ್ನ ಲೆಕ್ಕ. ಇಡೀ ಬೆಳಗು ಕಾದ. ಇಷ್ಟು ವರ್ಷ ಪ್ರೀತಿಸಿದ ಅಜ್ಜನ ಬಗ್ಗೆ ಹೀಗೆ ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ಕಾದದ್ದು ನಿಜ.

ಅಪ್ಪ ಚಪ್ಪಲಿ ಮೆಟ್ಟುವಾಗ ಅಜ್ಜ ಒಳಕೋಣೆಯಿಂದ ಗೋಡೆ ಹಿಡಿದುಕೊಂಡು ಬಂದ. ಚಪ್ಪಲಿ ಬಿಡು ಎಂದ. ಸಿದ್ಧಲಿಂಗೇಶನನ್ನು ಕರೆದು, ಬಚ್ಚಲ ಒಲೆಯ ಹಿಂದೆ ಸೌದೆ ಸಂದಿಯಲ್ಲಿ ಕೈ ಹಾಕು ಎಂದ. ನನ್ನ ತಮ್ಮ ಮಸಿ ಹಿಡಿದ ಒಂದು ಗಂಟನ್ನು ತಂದು ಪಡಸಾಲೆಯಲ್ಲಿ ಬಿಚ್ಚಿದ. ಕರಡಿಗೆ.

 ಅಪ್ಪ, ಬಚ್ಚಿಡಲು ಮನೆಯಲ್ಲಿ ಬೇರೆ ಜಾಗ ಇರಲಿಲ್ಲವೇ, ಅದು ಅವಳು ಕೆಲಸ ಮಾಡುವ ಜಾಗ, ಅಲ್ಲಿ ಸಿಕ್ಕಿದ್ದರೆ ಅವಳ ಗತಿ ಏನಾಗುತ್ತಿತ್ತು ಎಂದು ಕೇಳಿದ. ಅಜ್ಜ ತನ್ನ ಅಂಗೈ ನೋಡಿಕೊಂಡ.

"ಕೈಗೆ ಅದ ಹಾದಿ ಗೊತ್ತು, ಚಂದ್ರಶೇಖರಾ," ಅಂದ.

ಮುಂದಿನದನ್ನು ಗುಡ್ಡಮ್ಮನ ಎದುರಿಗೇ ಹೇಳುತ್ತೇನೆ, ಅವಳನ್ನು ಕರೆಸಿ ಎಂದು ಹಟ ಹಿಡಿದ. ಸಿದ್ಧಲಿಂಗೇಶ ಸೈಕಲ್ಲಿನಲ್ಲಿ ಹೋಗಿ ಕರೆತಂದ. ಅವಳು ಒಳಗೆ ಬರಲಿಲ್ಲ, ಮುಂಬಾಗಿಲಿನ ಜಗಲಿಯ ಕೆಳಗೆ ನಿಂತಳು. ನಮ್ಮ ಮನೆಯ ಮುಂಬಾಗಿಲಿಗೆ ಅವಳು ಬಂದದ್ದು ಅದೇ ಮೊದಲು. ಅಜ್ಜ ಜಗಲಿಯ ಮೇಲೆ ಕೂರದೆ ಅವಳೆದುರು ನಿಂತೇ ಹೇಳಿದ.

"ನಿಮ್ಮಪ್ಪ ಕದ್ದಿರಲಿಲ್ಲವ್ವಾ. ಕದ್ದಾವ ನಾನು."

ಬಂದರಿನ ಕಥೆಯನ್ನು ಅವನು ಮತ್ತೆ ಹೇಳಿದ. ಈ ಸಲ ನಾವು ಯಾರೂ ಕೇಳದ ಕಥೆ. ಹಡಗಿನಿಂದ ಇಳಿಸುವಾಗ ಒಡೆದ ಪೆಟ್ಟಿಗೆಗಳನ್ನು ಗೋದಾಮಿನಲ್ಲಿ ಮತ್ತೆ ಕಟ್ಟುತ್ತಿದ್ದರು, ಆಗ ಉಂಡೆಗಳಿಂದ ಚೂರು ಕೀಳಲು ಕಾವಲುಗಾರನಿಗೆ ದಾರಿ ಇತ್ತು. ಹೊರಗೆ ಸಾಗಿಸಲು ಮಾತ್ರ ದಾರಿ ಇರಲಿಲ್ಲ. ಯಾರೂ ಮುಟ್ಟದ ಜಾಗ ಒಂದೇ ಇತ್ತು. ಅಜ್ಜ ಅಕ್ಕಸಾಲಿಗನಿಗೆ ಹೇಳಿ ದೊಡ್ಡ ಕರಡಿಗೆ ಮಾಡಿಸಿಕೊಂಡ. ನಾವು ನೆಂಟರಿಗೆ ತೋರಿಸಿ ಬೀಗಿದ ಆ ಗಾತ್ರ ಕಳ್ಳತನದ ಗಾತ್ರ. ಇಷ್ಟಲಿಂಗದ ಮೇಲೆ ಕಪ್ಪು ಕಂಥೆಯ ಲೇಪವಿರುತ್ತದೆ, ಅಫೀಮು ಕೂಡ ಕಪ್ಪು. ಅವನು ಅಫೀಮನ್ನು ನಾದಿ ಲಿಂಗದ ಆಕಾರಕ್ಕೆ ತಂದು ಕರಡಿಗೆಯಲ್ಲಿ ಇಟ್ಟುಕೊಂಡು ಹೊರಗೆ ಬರುತ್ತಿದ್ದ. ಅವನ ನಿಜವಾದ ಲಿಂಗ ಬಾಡಿಗೆ ಕೋಣೆಯ ಅಕ್ಕಿಯ ಡಬ್ಬಿಯಲ್ಲಿರುತ್ತಿತ್ತು. ಮೈಯಿಂದ ಲಿಂಗ ಬೇರೆಯಾದರೆ ಬದುಕಿದ್ದೂ ಸತ್ತಂತೆ ಎಂದು ನಮಗೆಲ್ಲ ಕಲಿಸಿದವನು ಇವನೇ.

ಅಫೀಮು ಒಣಗಿದರೆ ತೂಕ ಇಳಿಯುತ್ತದೆ. ಅದಕ್ಕೆಂದು ಸರ್ಕಾರವೇ ಒಂದಿಷ್ಟು ಕಡಿತ ಬಿಡುತ್ತಿತ್ತು, ಅಜ್ಜ ಆ ಕಡಿತದೊಳಗೇ ಕೈಯಾಡಿಸುತ್ತಿದ್ದ. ಬೇಸಿಗೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಶಿಕಾರಿಪುರದ ಬಯಲು ಬಿಸಿಲಲ್ಲಿ ಬೆಳೆದವನಿಗೆ ಕರಾವಳಿಯ ಮಳೆಗಾಲ ಏನೆಂದು ಗೊತ್ತಿರಲಿಲ್ಲ. ಉಪ್ಪು ನೀರಾಗುವ ಆ ಥಂಡಿಯಲ್ಲಿ ಅಫೀಮು ಒಣಗುವುದು ಹೇಗೆ? ಹೊಸದಾಗಿ ಬಂದ ಅಧಿಕಾರಿ ತೂಕ ನೋಡಿ, ಈ ಮಳೆಯಲ್ಲಿ ಒಣಗಿದ ಅಫೀಮು ಯಾವುದು ಎಂದು ಕೇಳಿದ. ಗೇಟು ಹಾಕಿಸಿದ. ಎಲ್ಲರ ಬಟ್ಟೆ ಬಿಚ್ಚಿಸಿ ನೋಡಿದರು. ಕಡೆಗೆ ಆ ಅಧಿಕಾರಿ ಅಜ್ಜನಿಗೆ ಕರಡಿಗೆ ತೆರೆದು ತೋರಿಸಲು ಹೇಳಿದ. ಅಜ್ಜ ತೆರೆದ. ಒಳಗೆ ಕಪ್ಪಗೆ ಹೊಳೆಯುವುದನ್ನು ಕಂಡು ಅಧಿಕಾರಿ ಟೋಪಿ ತೆಗೆದು, ತಪ್ಪಾಯಿತು, ಮುಚ್ಚಿಕೋ ಎಂದ. ಆಮೇಲೆ, ನೀನು ದೇವರಿಗೆ ಹೆದರುವ ಮನುಷ್ಯ, ನಿನ್ನ ಅನುಮಾನ ಯಾರ ಮೇಲೆ ಎಂದು ಕೇಳಿದ. ಅಜ್ಜನ ಪಾಳಿಯಲ್ಲಿ ಜೊತೆಗಿದ್ದವನು ಕೆಂಪಪ್ಪ. ಹೆಂಡ ಇಳಿಸುವವರ ಮನೆಯ ಹುಡುಗ ಎಂದು ಅದಾಗಲೇ ಎಲ್ಲರ ಕಣ್ಣು ಅವನ ಮೇಲಿತ್ತು.

"ಕರಡಿಗಿ ಹಿಡಕಂಡು ಹೇಳು ಅಂದ್ರು," ಅಂದ ಅಜ್ಜ. "ಹಿಡಕಂಡ ಹೇಳಿದೆ. ಕೆಂಪಪ್ಪ ಅಂದೆ."

ಕೆಂಪಪ್ಪ ಜೈಲಿಗೆ ಹೋದ. ಬಿಡುಗಡೆಯಾಗಿ ಊರಿಗೆ ಬಂದಾಗ ಅವನಿಗಿಂತ ಮೊದಲೇ ಅಫೀಮಿನವನೆಂಬ ಹೆಸರು ಬಂದಿತ್ತು. ಅಜ್ಜ ಇನ್ನೊಂದಷ್ಟು ಕಾಲ ಅಲ್ಲೇ ದುಡಿದು, ಒಳ್ಳೆಯವನೆನಿಸಿಕೊಂಡು, ಶಿಕಾರಿಪುರಕ್ಕೆ ಬಂದು ಅಂಗಡಿ ಹಾಕಿದ.

ಗುಡ್ಡಮ್ಮ ಅಳಲಿಲ್ಲ, ಕೂಗಾಡಲಿಲ್ಲ. ಅವಳು ಹೇಳಿದ್ದನ್ನು ನಾನು ಬಾಗಿಲ ಹಿಂದೆ ಮಗುವನ್ನು ಎತ್ತಿಕೊಂಡು ಕೇಳಿಸಿಕೊಂಡೆ.

"ನಮ್ಮಪ್ಪಗೆ ಗೊತ್ತಿತ್ತು ಅಜ್ಜಾರೆ. ಶಿಕಾರಿಪುರದೋನು ಅಂತಿದ್ದ, ಹೆಸರು ಮಾತ್ರ ಹೇಳ್ತಿರ್ಲಿಲ್ಲ. ಸಾಹೇಬಂಗೆ ಯಾಕೆ ಹೇಳ್ಲಿಲ್ಲ ಅಂತ ಅವ್ವ ಕೇಳಿರೆ, ಒಬ್ರ ಲಿಂಗ ಮುಟ್ಟಿ ನೋಡ್ರಿ ಅಂತ ನಾ ಹ್ಯಾಂಗೆ ಹೇಳ್ಲಿ, ಅದು ಪಾಪ ಅಲ್ದನೆ ಅಂತಿದ್ದ."

ಅವ್ವ ಒಳಗಿನಿಂದ ಕಾಫಿ ತಂದಳು. ನಾವು ಕುಡಿಯುವ ಸ್ಟೀಲಿನ ಲೋಟದಲ್ಲಿ.  ಗುಡ್ಡಮ್ಮ ಲೋಟ ನೋಡಿದಳು, ತೆಗೆದುಕೊಳ್ಳಲಿಲ್ಲ. ಅಜ್ಜನ ಕಡೆಗೇ ತಿರುಗಿದಳು.

"ಇಲ್ಲಿ ಹೇಳಿರೆ ಆಗದಿಲ್ಲ. ನಮ್ಮಪ್ಪನ ಹೆಸರು ಕೆಟ್ಟಿದ್ದು ನಮ್ಮೂರ ಬೀದೀಲಿ. ಅಲ್ಲಿಗೆ ಬಂದು ಹೇಳಿ."

ಅವಳು ಹೋದ ಮೇಲೆ ಮನೆಯಲ್ಲಿ ಜಗಳವಾಯಿತು. ಅಪ್ಪ ಜೀವನದಲ್ಲಿ ಮೊದಲ ಸಲ ಅಜ್ಜನಿಗೆ ಏಕವಚನ ಬಳಸಿದ. ಆದದ್ದು ಆಯಿತು, ಸತ್ತವರು ಸತ್ತರು, ಬೇಕಾದರೆ ಗುಡ್ಡಮ್ಮನಿಗೆ ಏನಾದರೂ ಕೊಟ್ಟು ಬಾಯಿ ಮುಚ್ಚಿಸೋಣ, ಊರೂರು ತಿರುಗಿ ಮಾನ ಕಳೆಯಬೇಡ ಎಂದ. ಕಡೆಗೆ ಅಪ್ಪನೇ ಅತ್ತ. ಅಂಗಡಿಯ ಗದ್ದುಗೆಯ ಮೇಲೆ ಇನ್ನು ಹೇಗೆ ಕೂರಲಿ ಎಂದು ಮಕ್ಕಳಂತೆ ಅತ್ತ. ಬೀಗರಿಗೆ ಮಗುವಿಗೆ ನೆಗಡಿ, ಶಾಸ್ತ್ರ ಮುಂದಕ್ಕೆ ಹಾಕಿದ್ದೇವೆ ಎಂದು ಫೋನು ಮಾಡಿದೆವು. ನಮ್ಮ ಮನೆಯ ಸುಳ್ಳು ಆ ದಿನವೂ ನಿಲ್ಲಲಿಲ್ಲ.

ಮರುದಿನ ಅಜ್ಜ ಹೊರಟ. ಬಾಣಂತಿಯಾದ ನಾನು ಹೋಗುವಂತಿರಲಿಲ್ಲ, ಸಿದ್ಧಲಿಂಗೇಶ ಹೋದ. ಮುಂದಿನದೆಲ್ಲ ಅವನು ಹೇಳಿದ್ದು. ಶಿರಾಳಕೊಪ್ಪದ ಮೇಲೆ ಸೊರಬದ ಬಸ್ಸು. ಗುಡ್ಡಮ್ಮ ಮುಂದಿನ ಸೀಟಿನಲ್ಲಿ, ಅಜ್ಜ ಹಿಂದೆ.  ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಊರು ಸೇರಿದಾಗ ಸೊಸೈಟಿಯ ಎದುರು ಜನ ಸಕ್ಕರೆ, ಸೀಮೆಎಣ್ಣೆಗೆ ಸಾಲು ನಿಂತಿದ್ದರು. ಗುಡ್ಡಮ್ಮ ಹೋಗಿ ತನ್ನ ಅಣ್ಣ ಆನಂದಪ್ಪನನ್ನು ಗದ್ದೆಯಿಂದ ಕರೆತಂದಳು. ಕೆಸರುಗಾಲಲ್ಲೇ ಬಂದ. ಅಜ್ಜ ಸೊಸೈಟಿಯ ಕಟ್ಟೆಯ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ, ಕೆಂಪಪ್ಪ ಕದ್ದಿರಲಿಲ್ಲ, ಕದ್ದು ಅವನ ತಲೆಗೆ ಕಟ್ಟಿದವನು ತಾನು ಎಂದು ಮೊದಲಿಂದ ಕೊನೆಯವರೆಗೆ ಹೇಳಿದ. ಕರಡಿಗೆಯ ಮೇಲಿನ ಆಣೆಯನ್ನೂ ಬಿಡಲಿಲ್ಲ.

ಸಾಲಿನಲ್ಲಿದ್ದ ಹುಡುಗರಿಗೆ ಅರ್ಥವೇ ಆಗಲಿಲ್ಲವಂತೆ. ಅಫೀಮಿನೋರು ಅಂದರೆ ಅವರ ಮನೆಯ ಹೆಸರು, ಅದಕ್ಕೊಂದು ಕಾರಣ ಇರುತ್ತದೆ ಎಂದು ಅವರು ಯೋಚಿಸಿಯೇ ಇರಲಿಲ್ಲ. ಧರ್ಮಪ್ಪ ಎಂಬ ಒಬ್ಬ ಮುದುಕ ಮಾತ್ರ ಸೀಮೆಎಣ್ಣೆ ಡಬ್ಬ ಕೆಳಗಿಟ್ಟು, ಕೆಂಪಪ್ಪನ ಹೆಣ ಹೊರಲು ನಾಲ್ಕು ಜನ ಸಿಕ್ಕಿರಲಿಲ್ಲ, ಮಕ್ಕಳೇ ಗಾಡಿಯಲ್ಲಿ ಹಾಕಿಕೊಂಡು ಹೋದರು, ನಾನೂ ಹೋಗಲಿಲ್ಲ ಎಂದ. 

ಆನಂದಪ್ಪ ಅಜ್ಜನ ಎದುರು ಬಂದು ಕೇಳಿದ.

"ನಮ್ಮ ಕಡೆಯ ಕ್ಯಾಸನೂರಿನ ಹೆಸರನ್ನ ಮಂಗನ ಕಾಯಿಲೆಗೆ ಇಟ್ರು. ನಮ್ಮನೆಗೆ ಅಫೀಮಿನ ಹೆಸರಿಟ್ರು. ಇಟ್ಟ ಹೆಸರು ತೆಗಿಯೋದು ಹ್ಯಾಂಗೆ ಅಂತ ನಿಮಗೆ ಗೊತ್ತೈತಾ ಅಜ್ಜಾರೆ?"

ಅಜ್ಜ ಶಲ್ಯದೊಳಗಿಂದ ಕರಡಿಗೆ ತೆಗೆದು ಆನಂದಪ್ಪನ ಮುಂದೆ ಹಿಡಿದ. ಇದು ನಿಮಗೆ ಸೇರಬೇಕಾದ್ದು, ಕರಗಿಸಿ, ಮಾರಿ, ಕೆರೆಗೆ ಎಸೆಯಿರಿ, ಏನಾದರೂ ಮಾಡಿ ಎಂದ. ಆನಂದಪ್ಪ ಎರಡೂ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡ.

"ಬೇಡ ತೆಗೀರಿ. ಲಿಂಗ ಇಡೋದು ಅದು. ನಾವು ಮುಟ್ಟಬಾರ್ದು."

ಇದರಲ್ಲಿ ಲಿಂಗವಿಲ್ಲ, ಯಾವತ್ತೂ ಇರಲಿಲ್ಲ ಎಂದು ಅಜ್ಜ ಅಂಗಲಾಚಿದ. ಇಲ್ಲದಿದ್ದರೂ ಮುಟ್ಟುವುದಿಲ್ಲ ಎಂದು ಆನಂದಪ್ಪ ಗದ್ದೆಗೆ ಹೊರಟುಹೋದ. ಅಜ್ಜ ಅಲ್ಲೇ ಸೊಸೈಟಿಯ ಮುಂದಿನ ನೆಲದ ಮೇಲೆ ಕೂತುಬಿಟ್ಟನಂತೆ. ಎಬ್ಬಿಸಿ ಬಸ್ಸು ಹತ್ತಿಸಲು ಸಿದ್ಧಲಿಂಗೇಶನಿಗೆ ಸಾಕುಬೇಕಾಯಿತು.

ನನ್ನ ಮಗಳಿಗೆ ಆಮೇಲೆ ಬಟ್ಟೆಯ ಗಂಟಿನಲ್ಲೇ ಲಿಂಗ ಕಟ್ಟಿಸಿದೆವು. ಗುಡ್ಡಮ್ಮ ಮತ್ತೆ ನಮ್ಮ ಮನೆಗೆ ನೀರು ಹಾಕಲು ಬರಲಿಲ್ಲ. ಅವ್ವ ಎರಡು ಸಲ ಹೇಳಿ ಕಳಿಸಿದಳು, ಅವಳು ಕೈ ನೋಯುತ್ತದೆ ಎಂದಳಂತೆ. ಅವಳ ಲೋಟ ಬಚ್ಚಲ ಗೋಡೆಯ ಮೇಲೆ ಬಹಳ ದಿನ ಹಾಗೇ ಇತ್ತು. ಅದನ್ನು ಒಳಗೆ ತರಲೂ ಬಿಸಾಡಲೂ ಅವ್ವನಿಗೆ ಮನಸ್ಸಾಗಲಿಲ್ಲ. ಕರಡಿಗೆಯನ್ನು ಅಜ್ಜ ತಂದವನೇ ಮತ್ತೆ ಸೌದೆ ಸಂದಿಯಲ್ಲಿ ಇಟ್ಟ. ಮಸಿ ಹಿಡಿದು ಅದು ಬೆಳ್ಳಿಯೆಂದೇ ಗೊತ್ತಾಗುವುದಿಲ್ಲ. ಈಗ ನಮ್ಮ ಮನೆಯವರೂ ಅದನ್ನು ಮುಟ್ಟುವುದಿಲ್ಲ.

ಸೊಸೈಟಿಯ ಸಾಲಿನಲ್ಲಿ ಕೇಳಿದ ಮಾತು ಶಿರಾಳಕೊಪ್ಪದ ಸಂತೆಗೆ ಬಂತು, ಅಲ್ಲಿಂದ ಗೊಬ್ಬರದ ಗಾಡಿಗಳ ಜೊತೆ ನಮ್ಮ ಬೀದಿಗೆ ಬಂತು. ಅಪ್ಪ ಅಂಗಡಿಗೆ ಹೊಸ ಬೋರ್ಡು ಬರೆಸಿದ, ದೇವರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕಿಸಿದ. ಬೋರ್ಡು ಓದುವವರು ಯಾರು?

ಮುಂದಿನ ವರ್ಷ ದೀಪಾವಳಿಗೆ ತವರಿಗೆ ಬಂದಿದ್ದೆ. ಮಗಳು ಜಗಲಿಯ ಮೇಲೆ ಅಜ್ಜನ ಕೋಲು ಹಿಡಿದು ನಿಲ್ಲಲು ಕಲಿಯುತ್ತಿದ್ದಳು. ಹೆಗಲ ಮೇಲೆ ಖಾಲಿ ಚೀಲ ಹಾಕಿಕೊಂಡ ಒಬ್ಬ ರೈತ ಬೀದಿಯಲ್ಲಿ ನಿಂತು ಆಚೀಚೆ ನೋಡಿದ. ಯೂರಿಯಾ ಬೇಕಿತ್ತು, ಅಂಗಡಿಗೆ ಬೀಗ ಹಾಕಿದೆ, ಮಾಲೀಕರ ಮನೆ ಈ ಬೀದಿಯಲ್ಲೇ ಅಂದರು ಎಂದ.

"ಅಫೀಮಿನೋರ ಮನೆ ಯಾವುದ್ರೀ ಅಜ್ಜಾರೆ?"

ಒಳಗಿದ್ದ ಅಪ್ಪ ತಟ್ಟನೆ ಎದ್ದು ಬಾಗಿಲಿಗೆ ಬಂದ. ಅವನು ಬಾಯಿ ತೆರೆಯುವ ಮೊದಲೇ ಅಜ್ಜ ಜಗಲಿಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ.

"ಇದ ನೋಡಪ್ಪಾ," ಅಂದ. "ಬಾ, ಕೂಡು."